ಕಾಕಂಬಿಯಿಂದ ಪ್ಲಾಸ್ಟಿಕ್: ಬ್ಯಾಕ್ಟೀರಿಯಾ ಒಪ್ಪಿದೆ, ಲೆಕ್ಕದ ಪುಸ್ತಕ ಒಪ್ಪಿಲ್ಲ

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಮಗಳು ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಜೀನ್ ಬದಲಿಸಿದ ಬ್ಯಾಕ್ಟೀರಿಯಾಕ್ಕೆ ಕಬ್ಬಿನ ಹಾಲನ್ನೋ ಕಾಕಂಬಿಯನ್ನೋ ಕೊಟ್ಟರೆ ಅದು ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ ಮಾಡಿಕೊಡುತ್ತದೆ, ಬೆಲ್ಲಕ್ಕಿಂತ ಇದರಲ್ಲಿಯೇ ಲಾಭ ಎನ್ನುತ್ತಾಳೆ. ಇದು ನಿಜವೇ? ನಿಜವಾದರೆ ಇನ್ನೂ ಏಕೆ ಅಂಗಡಿಗೆ ಬಂದಿಲ್ಲ? ಇಂಥ ಬ್ಯಾಕ್ಟೀರಿಯಾ ಚರಂಡಿ ಸೇರಿದರೆ ಹೊಲದ ಪಿವಿಸಿ ಪೈಪು, ಡ್ರಿಪ್ ಪೈಪುಗಳನ್ನು ತಿಂದುಹಾಕುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆ ಬೇಗ ಮುಗಿಯುವಂಥದು, ಅದನ್ನು ಮೊದಲು ಮುಗಿಸೋಣ. ನಿಮ್ಮ ಪೈಪುಗಳಿಗೆ ಏನೂ ಆಗುವುದಿಲ್ಲ. ಎರಡು ಬೇರೆ ಬೇರೆ ಸುದ್ದಿಗಳು ನಿಮ್ಮ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ‘ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ’ ಎಂದು 2016ರಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಇಡಿಯೊನೆಲ್ಲ ಸಕಾಯೆನ್ಸಿಸ್ ಎಂಬುದರ ಸುದ್ದಿ. ಜಪಾನಿನ ಸಕಾಯ್ ನಗರದಲ್ಲಿ ಹಳೆಯ ಬಾಟಲಿಗಳನ್ನು ಮರುಬಳಕೆ ಮಾಡುವ ಜಾಗದಲ್ಲಿ ಅದು ಸಿಕ್ಕಿತು. ಅದು ತಿನ್ನುವುದು ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕನ್ನು ಮಾತ್ರ. ತೆಳುವಾದ ಒಂದು ತುಣುಕನ್ನು ಮುಗಿಸುವುದಕ್ಕೂ ಅದಕ್ಕೆ ಸುಮಾರು ಆರು ವಾರ ಬೇಕಾಯಿತು. ನಿಮ್ಮ ಮಗಳು ಹೇಳುತ್ತಿರುವುದು ಪ್ಲಾಸ್ಟಿಕ್ ಮಾಡುವ ಬ್ಯಾಕ್ಟೀರಿಯಾ. ರೇಷ್ಮೆ ಹುಳು ನೂಲು ಬಿಡುತ್ತದೆಂದು ಮನೆಯ ಸೀರೆಗಳನ್ನು ಕಡಿದೀತೆಂದು ಯಾರೂ ಹೆದರುವುದಿಲ್ಲವಷ್ಟೆ. ಇದೂ ಹಾಗೆಯೇ.

ಮೊದಲ ಪ್ರಶ್ನೆಗೆ ಉತ್ತರ: ನಿಜ. ನೂರಕ್ಕೆ ನೂರು ನಿಜ. ಎರಡನೆಯದು ಉದ್ದದ ಕಥೆ. ಬ್ಯಾಕ್ಟೀರಿಯಾ ಬೆಳೆಸುವ ಹುದುಗು ತೊಟ್ಟಿಗಳ ಪಕ್ಕದಲ್ಲಿಯೇ ಕೆಲಸದ ಬದುಕು ಕಳೆದವನು ನಾನು. ಆದ್ದರಿಂದ ಜೀನಿನ ವಿಚಾರಕ್ಕಿಂತ ತೊಟ್ಟಿಯ ವಿಚಾರವನ್ನೇ ಹೆಚ್ಚು ಹೇಳಿದರೆ ಬೇಸರಿಸಬೇಡಿ. ಈ ಉದ್ಯಮ ಮೂವತ್ತು ವರ್ಷಗಳಿಂದ ಎಡವುತ್ತಿರುವುದು ಜೀನಿನಲ್ಲಿ ಅಲ್ಲವೇ ಅಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ನೀವು ನೋಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಬೆಳೆ ಚೆನ್ನಾಗಿ ಬಂದ ವರ್ಷ ನೆಲದೊಳಗೆ ತುಂಬಿ ಬಾಯಿ ಮುಚ್ಚುವುದು, ಬರ ಬಂದಾಗ ತೆಗೆಯುವುದು. ಮಣ್ಣಿನ ಅನೇಕ ಬ್ಯಾಕ್ಟೀರಿಯಾಗಳೂ ಹೀಗೆಯೇ ಮಾಡುತ್ತವೆ. ಸುತ್ತ ಸಕ್ಕರೆಯೋ ಎಣ್ಣೆಯೋ ಧಾರಾಳವಾಗಿದ್ದು ಸಾರಜನಕವೋ ರಂಜಕವೋ ಮುಗಿದುಹೋದರೆ ಅವು ಸಂತಾನ ಬೆಳೆಸಲಾರವು. ಸಿಕ್ಕಿದ ಇಂಗಾಲವನ್ನು ಬಿಡುವ ಮನಸ್ಸೂ ಇಲ್ಲ. ಸಕ್ಕರೆಯಾಗಿಯೇ ಕೂಡಿಟ್ಟರೆ ಅದು ನೀರನ್ನು ಎಳೆದುಕೊಂಡು ಕೋಶ ಉಬ್ಬಿ ಒಡೆದೀತು. ಹಾಗಾಗಿ ಸಣ್ಣ ಅಣುಗಳನ್ನು ಸರ ಪೋಣಿಸಿದಂತೆ ಸಾವಿರಾರು ಸಂಖ್ಯೆಯಲ್ಲಿ ಜೋಡಿಸಿ, ನೀರಿನಲ್ಲಿ ಕರಗದ ಕಣಗಳಾಗಿ ಹೊಟ್ಟೆಯೊಳಗೆ ತುಂಬಿಕೊಳ್ಳುತ್ತವೆ. ಆ ಸರವೇ ಪಾಲಿಹೈಡ್ರಾಕ್ಸಿಬ್ಯುಟಿರೇಟ್. ಚಿಕ್ಕದಾಗಿ ಪಿಎಚ್‌ಬಿ. ಇದರ ದಾಯಾದಿಗಳನ್ನೆಲ್ಲ ಸೇರಿಸಿದ ಕುಟುಂಬಕ್ಕೆ ಪಿಎಚ್‌ಎ ಎಂದು ಹೆಸರು.

ಫ್ರಾನ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೋರಿಸ್ ಲೆಮ್ವಾನ್ ಇದನ್ನು 1926ರಲ್ಲಿಯೇ ಗುರುತಿಸಿದರು. ಅವರ ಬ್ಯಾಕ್ಟೀರಿಯಾ ಬ್ಯಾಸಿಲಸ್ ಮೆಗಟೀರಿಯಮ್. ಮಣ್ಣಿನಲ್ಲಿ ಎಲ್ಲೆಡೆ ಇರುವಂಥದು, ನಿಮ್ಮ ಗದ್ದೆಯಲ್ಲಿಯೂ ಇರುತ್ತದೆ. ಮಗಳಿಗೆ ಹೇಳಿ, ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದೊಳಗೆ ಕಪ್ಪು ಕಾಳುಗಳ ಹಾಗೆ ಅವು ಕಾಣುತ್ತವೆ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ನೋಡಿ ನಾನು ಕೊಳಕು ಗಾಜೆಂದು ತಿಳಿದು ಎರಡು ಸಲ ತೊಳೆದಿದ್ದೆ.

ಈ ಕೂಡಿಡುವ ಕಲೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಜರ್ಮನಿಯ ಗ್ಯೋಟಿಂಗೆನ್ ಬಳಿ ಸಿಕ್ಕ ಎಚ್16 ಎಂಬ ತಳಿ. ಇದರ ಹೆಸರಿನ ಕಥೆಯೇ ಒಂದು ತಮಾಷೆ: ಹೈಡ್ರೋಜೆನೊಮೋನಾಸ್ ಆಗಿತ್ತು, ಅಲ್ಕಲಿಜೆನೆಸ್ ಆಯಿತು, ರಾಲ್‌ಸ್ಟೋನಿಯ ಆಯಿತು, ವಾಟರ್ಸಿಯ ಆಯಿತು, 2004ರಿಂದ ಕುಪ್ರಿಯಾವಿಡಸ್ ನೆಕೇಟರ್. ನಮ್ಮ ಊರುಗಳ ಬೀದಿಗಳಿಗೂ ಇಷ್ಟು ಸಲ ಹೆಸರು ಬದಲಾಗಿರಲಾರದು. ಹೆಸರು ಏನೇ ಇರಲಿ, ಸರಿಯಾಗಿ ಉಣಿಸಿದರೆ ಅದರ ಒಣ ತೂಕದಲ್ಲಿ ನೂರಕ್ಕೆ 80 ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಪ್ಲಾಸ್ಟಿಕ್ಕೇ ಆಗಿರುತ್ತದೆ. ಇನ್ನೊಮ್ಮೆ ಓದಿಕೊಳ್ಳಿ: ಯಾರೂ ಅದರ ಜೀನನ್ನು ಮುಟ್ಟದೆಯೇ ನೂರಕ್ಕೆ 80.

ಹಾಗಾದರೆ ಜೀನ್ ಬದಲಿಸುವ ತೊಂದರೆ ಏಕೆ? ಕಾರಣಗಳು ಬೇಕಾದಷ್ಟಿವೆ. ಎಚ್16ಗೆ ನಿಮ್ಮ ಕಬ್ಬಿನ ಸಕ್ಕರೆ ಹಿಡಿಸುವುದಿಲ್ಲ. ಫ್ರಕ್ಟೋಸ್ ತಿನ್ನುತ್ತದೆ, ಎಣ್ಣೆ ತಿನ್ನುತ್ತದೆ. ಕಬ್ಬಿನ ಸಕ್ಕರೆಯಾದ ಸುಕ್ರೋಸನ್ನು ಒಡೆಯುವ ಕಿಣ್ವ ಅದರ ಬಳಿ ಇಲ್ಲ, ಗ್ಲೂಕೋಸನ್ನು ತಿನ್ನುವುದನ್ನೂ ಅದಕ್ಕೆ ಕಲಿಸಬೇಕಾಯಿತು. ಎರಡನೆಯದಾಗಿ, ಹಗೇವು ತುಂಬಿದವನೇ ಅದನ್ನು ತೆಗೆದು ಉಣ್ಣುವುದೂ ಗೊತ್ತಿರುವವನು. ಪಿಎಚ್‌ಬಿಯನ್ನು ಮತ್ತೆ ಕತ್ತರಿಸಿ ತಿನ್ನುವ ಕಿಣ್ವಗಳು ಅದೇ ಕೋಶದಲ್ಲಿ ಇರುತ್ತವೆ. ತೊಟ್ಟಿಯಿಂದ ಹೊರತೆಗೆಯುವುದು ಸ್ವಲ್ಪ ತಡವಾದರೆ ಫಸಲು ಇಳಿಯುತ್ತದೆ. ಇನ್ನು ಬರೀ ಪಿಎಚ್‌ಬಿಯ ಗುಣವೇ ಅಷ್ಟಕ್ಕಷ್ಟೆ. ಅದನ್ನು ಆಮೇಲೆ ಹೇಳುತ್ತೇನೆ.

ಇಡೀ ಕೆಲಸಕ್ಕೆ ಬೇಕಾದದ್ದು ಮೂರೇ ಜೀನುಗಳು. ಸಕ್ಕರೆಯನ್ನು ಅರಗಿಸುವಾಗ ಎಲ್ಲ ಜೀವಿಗಳಲ್ಲಿಯೂ ಹುಟ್ಟುವ ಅಸಿಟೈಲ್ ಕೋಎ ಎಂಬ ಎರಡು ಇಂಗಾಲದ ತುಂಡುಗಳನ್ನು ಮೊದಲ ಕಿಣ್ವ ಎರಡೆರಡಾಗಿ ಜೋಡಿಸುತ್ತದೆ. ಎರಡನೆಯದು ಅದಕ್ಕೆ ಹೈಡ್ರೋಜನ್ ಸೇರಿಸಿ ಮಣಿ ಮಾಡುತ್ತದೆ. ಮೂರನೆಯದು ಮಣಿಗಳನ್ನು ಪೋಣಿಸುತ್ತದೆ. 1988ರಲ್ಲಿ ಅಮೆರಿಕದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಸ್ಲೇಟರ್, ವೋಯಿಜ್, ಡೆನಿಸ್ ಅವರೂ ಗ್ಯೋಟಿಂಗೆನ್‌ನಲ್ಲಿ ಶೂಬರ್ಟ್, ಸ್ಟೈನ್‌ಬ್ಯೂಶೆಲ್, ಶ್ಲೇಗೆಲ್ ಅವರೂ ಈ ಮೂರನ್ನೂ ತೆಗೆದು ಇ. ಕೋಲೈ ಎಂಬ ಪ್ರಯೋಗಾಲಯದ ಸಾಕುಬ್ಯಾಕ್ಟೀರಿಯಾದಲ್ಲಿ ಇಟ್ಟರು. ಮರುವರ್ಷ ಎಂಐಟಿಯಲ್ಲಿ ಪೀಪಲ್ಸ್ ಮತ್ತು ಸಿನ್ಸ್ಕಿ ಆ ಜೀನುಗಳ ಅಕ್ಷರಗಳನ್ನು ಓದಿ ಪ್ರಕಟಿಸಿದರು. ಇ. ಕೋಲೈ ಹುಟ್ಟಿನಿಂದ ಪ್ಲಾಸ್ಟಿಕ್ ಕಂಡದ್ದಲ್ಲ. ಹಾಗಾಗಿ ಅದಕ್ಕೆ ಅದನ್ನು ಮರಳಿ ತಿನ್ನುವ ವಿದ್ಯೆಯೂ ಗೊತ್ತಿಲ್ಲ. ಮಾಡಿದ್ದೆಲ್ಲ ಹಾಗೆಯೇ ಉಳಿಯುತ್ತದೆ, ಸರಗಳು ಬಹಳ ಉದ್ದವಾಗಿ ಬೆಳೆಯುತ್ತವೆ. ಒಳ್ಳೆಯ ಊಟ ಕೊಟ್ಟರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. 1998ರಲ್ಲಿ ದಕ್ಷಿಣ ಕೊರಿಯದ ಸಾಂಗ್ ಯುಪ್ ಲೀ ಅವರ ತಂಡ ಇಂಥ ಇ. ಕೋಲೈಯಿಂದ ಲೀಟರಿಗೆ ಸುಮಾರು 140 ಗ್ರಾಂ ಪಿಎಚ್‌ಬಿ ತೆಗೆದು ತೋರಿಸಿತು. ಒಂದು ಲೀಟರ್ ದ್ರವದಲ್ಲಿ 140 ಗ್ರಾಂ ಎಂದರೆ ಅದು ಗಂಜಿ, ನೀರಲ್ಲ.

ಜೀವಿಯಿಂದ ಆಗಬೇಕಾದ ಕೆಲಸದ ದೊಡ್ಡ ಪಾಲು ಅಲ್ಲಿಗೆ ಮುಗಿದಿತ್ತು. ಈಗ ನಿಮ್ಮ ಕಡೆಯ ಲೆಕ್ಕಕ್ಕೆ ಬರೋಣ, ನೀವು ಬೆಲ್ಲ ಮಾಡುವವರು, ನಿಮಗೆ ಇದು ನನಗಿಂತ ಬೇಗ ಅರ್ಥವಾಗುತ್ತದೆ.

180 ಗ್ರಾಂ ಗ್ಲೂಕೋಸ್ ಕೊಟ್ಟರೆ, ಒಂದು ಕಣವೂ ವ್ಯರ್ಥವಾಗದಿದ್ದರೂ, ಸಿಗುವುದು 86 ಗ್ರಾಂ ಪಿಎಚ್‌ಬಿ. ಅರ್ಧಕ್ಕಿಂತ ಕಡಿಮೆ. ಸಕ್ಕರೆಯ ಆರು ಇಂಗಾಲಗಳಲ್ಲಿ ಎರಡು ದಾರಿಯಲ್ಲಿಯೇ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತವೆ. ಇದು ರಸಾಯನಶಾಸ್ತ್ರದ ಕಟ್ಟಳೆ, ಎಂಥ ಜಾಣ ವಿಜ್ಞಾನಿಯೂ ಈ ದಾರಿಯಲ್ಲಿ ಅದನ್ನು ತಪ್ಪಿಸಲಾರ. ಬ್ಯಾಕ್ಟೀರಿಯಾ ತಾನೂ ಬದುಕಬೇಕು, ಮೈ ಬೆಳೆಸಬೇಕು. ಹಾಗಾಗಿ ನಿಜವಾದ ಕಾರ್ಖಾನೆಯಲ್ಲಿ ಒಂದು ಕಿಲೋ ಪ್ಲಾಸ್ಟಿಕ್ಕಿಗೆ ಸುಮಾರು ಮೂರು ಕಿಲೋ ಸಕ್ಕರೆ ಬೇಕು. ಕಿಲೋಗೆ 40 ರೂಪಾಯಿ ಎಂದೇ ಹಿಡಿಯಿರಿ, ಸಕ್ಕರೆಗೇ 120 ರೂಪಾಯಿ. ಪೆಟ್ರೋಲಿಯಂನಿಂದ ಬಂದ ಪಾಲಿಪ್ರೊಪಿಲೀನ್ ಸಿದ್ಧ ಕಾಳಾಗಿಯೇ ಕಿಲೋಗೆ ನೂರು ರೂಪಾಯಿಯ ಆಚೀಚೆ ಸಿಗುತ್ತದೆ. ನಿಮ್ಮ ಕೂಲಿ, ಕರೆಂಟು, ಉಗಿ, ಸಾಲದ ಬಡ್ಡಿ ಇನ್ನೂ ಶುರುವೇ ಆಗಿಲ್ಲ.

ಕಾಕಂಬಿ ಅಗ್ಗವಲ್ಲವೇ ಎಂದು ಮಗಳು ಕೇಳುತ್ತಾಳೆ. ಒಂದು ಕಾಲಕ್ಕೆ ಅಗ್ಗವಾಗಿತ್ತು. ಅದರಲ್ಲಿ ಅರ್ಧದಷ್ಟು ಸಕ್ಕರೆ ಇರುತ್ತದೆ, ಉಳಿದದ್ದು ಉಪ್ಪು, ಬೂದಿ, ಬಣ್ಣ. ಆದರೆ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನೂರಕ್ಕೆ 20ರ ಮಟ್ಟಕ್ಕೆ ಏರಿದ ಮೇಲೆ ಕಾಕಂಬಿಗೆ ಖಚಿತವಾದ ಗಿರಾಕಿ ಸಿಕ್ಕಿದ್ದಾನೆ. ಯೀಸ್ಟ್ ಎಂಬ ಹಳೆಯ ಕೆಲಸಗಾರ ಗಾಳಿಯಿಲ್ಲದೆ, ಹೆಚ್ಚು ಉಪಚಾರವಿಲ್ಲದೆ ಅದನ್ನು ಎಥನಾಲ್ ಮಾಡಿ ಕೊಡುತ್ತದೆ. ನಮ್ಮ ಬ್ಯಾಕ್ಟೀರಿಯಾ ಹಾಗಲ್ಲ. ಅದಕ್ಕೆ ಉಸಿರಾಡಲು ಗಾಳಿ ಬೇಕೇ ಬೇಕು. ಗಂಜಿಯಂಥ ದ್ರವದೊಳಗೆ ಹಗಲೂ ರಾತ್ರಿ ಕಂಪ್ರೆಸರಿನಿಂದ ಗಾಳಿ ನುಗ್ಗಿಸಬೇಕು, ತೊಟ್ಟಿಯನ್ನು ಕಲಕುತ್ತಿರಬೇಕು. ಅಷ್ಟು ಜೀವಿಗಳು ಒಟ್ಟಿಗೆ ಉಸಿರಾಡಿದರೆ ಹುಟ್ಟುವ ಶಾಖ ಸಣ್ಣದಲ್ಲ, ಅದನ್ನು ತಣ್ಣೀರಿನ ಸುರುಳಿ ಹಾಕಿ ತೆಗೆಯಬೇಕು. ಹೊರಗಿನ ಒಂದು ಕ್ರಿಮಿಯೂ ಒಳಗೆ ಬರದಂತೆ ಎಲ್ಲವನ್ನೂ ಉಗಿಯಲ್ಲಿ ಬೇಯಿಸಿರಬೇಕು. ಒಂದು ಸಲ ಒಂದು ಕವಾಟದ ರಬ್ಬರ್ ಬಳೆ ಸವೆದದ್ದನ್ನು ಗಮನಿಸದೆ ಇದ್ದುದಕ್ಕೆ ನಾನು ಹತ್ತು ಸಾವಿರ ಲೀಟರ್ ದ್ರವವನ್ನು ಚೆಲ್ಲಿಸಬೇಕಾಯಿತು. ವಾಸನೆ ಮೂರು ದಿನ ಹೋಗಲಿಲ್ಲ. ಮನೆಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಆಮೇಲೆ ಕೊಯ್ಲು. ಎಥನಾಲ್ ಕೋಶದಿಂದ ಹೊರಬಂದು ದ್ರವದಲ್ಲಿ ಬೆರೆತಿರುತ್ತದೆ, ಕಾಯಿಸಿದರೆ ಆವಿಯಾಗಿ ಮೇಲೇಳುತ್ತದೆ. ಪಿಎಚ್‌ಬಿ ಕೋಶದೊಳಗೇ ಕೂತಿರುತ್ತದೆ. ಕಡಲೆಕಾಯಿಯ ಸಿಪ್ಪೆ ಸುಲಿದ ಹಾಗೆ ಕೋಟಿ ಕೋಟಿ ಕೋಶಗಳ ಗೋಡೆ ಒಡೆದು ಕಾಳು ತೆಗೆಯಬೇಕು. ಪ್ರಯೋಗಾಲಯದಲ್ಲಿ ಕ್ಲೋರೋಫಾರ್ಮ್ ಹಾಕಿ ಸೊಗಸಾಗಿ ತೆಗೆಯಬಹುದು. ಆದರೆ ಪರಿಸರ ಉಳಿಸುವ ಪ್ಲಾಸ್ಟಿಕ್ಕಿಗಾಗಿ ತೊಟ್ಟಿಗಟ್ಟಲೆ ಕ್ಲೋರೋಫಾರ್ಮ್ ಬಳಸುವುದು ಎಂಥ ವ್ಯವಹಾರ? ಬ್ಲೀಚಿಂಗ್ ದ್ರಾವಣದಲ್ಲಿ ಕೋಶಗಳನ್ನು ಕರಗಿಸಬಹುದು, ಸರ ಸ್ವಲ್ಪ ತುಂಡಾಗುತ್ತದೆ. ಕಿಣ್ವ ಮತ್ತು ಸೋಪಿನಂಥ ವಸ್ತುಗಳಿಂದ ತೊಳೆಯಬಹುದು, ಕೊಳಕು ನೀರು ಬಹಳ ಉಳಿಯುತ್ತದೆ. ಜೀನ್ ಬದಲಿಸುವವರ ಒಂದು ಜಾಣತನವನ್ನು ಇಲ್ಲಿ ಮೆಚ್ಚಬೇಕು: ಕೋಶ ವಿಭಜನೆಯ ಜೀನುಗಳನ್ನು ಹೊಂದಿಸಿ ಬ್ಯಾಕ್ಟೀರಿಯಾವನ್ನೇ ಉದ್ದುದ್ದ, ದಪ್ಪಗೆ ಬೆಳೆಯುವಂತೆ ಮಾಡುತ್ತಾರೆ. ಹೊಟ್ಟೆ ದೊಡ್ಡದಾದರೆ ಹೆಚ್ಚು ತುಂಬುತ್ತದೆ, ಶೋಧಿಸುವುದೂ ಸುಲಭ.

ಇಷ್ಟೆಲ್ಲ ಮಾಡಿ ತೆಗೆದ ಬರೀ ಪಿಎಚ್‌ಬಿ ಹೇಗಿರುತ್ತದೆ? ಗಾಜಿನ ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಬೆಣ್ಣೆ ಕಾಗದದಂಥ ಹಾಳೆ ಸಿಗುತ್ತದೆ. ಕಣ್ಣಿಗೆ ಚೆಂದ. ಮಡಿಚಿದರೆ ಹಪ್ಪಳದಂತೆ ಮುರಿಯುತ್ತದೆ. ಪಾಲಿಪ್ರೊಪಿಲೀನ್ ಎಳೆದಾಗ ತನ್ನ ಉದ್ದದ ನಾಲ್ಕು ಪಟ್ಟು ಹಿಗ್ಗಬಲ್ಲದು, ಪಿಎಚ್‌ಬಿ ನೂರಕ್ಕೆ ಐದರಷ್ಟು ಹಿಗ್ಗಿ ತುಂಡಾಗುತ್ತದೆ. ಸುಮಾರು 175 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕಿಂತ ತುಸು ಮೇಲೆ ಹೋದರೆ ಸರವೇ ಕತ್ತರಿಸಿಹೋಗುತ್ತದೆ. ಅಚ್ಚು ಹಾಕುವವನಿಗೆ ಸಿಗುವ ಅವಕಾಶ ಜಿಲೇಬಿಯ ಪಾಕದಷ್ಟೇ ಕಿರಿದು. ಇದಕ್ಕೆ ಮದ್ದು ಎಂದರೆ ಸರದಲ್ಲಿ ನಡುನಡುವೆ ಬೇರೆ ಗಾತ್ರದ ಮಣಿ ಸೇರಿಸುವುದು. ಆಗ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಳ್ಳಲಾರವು, ವಸ್ತು ಬಾಗುತ್ತದೆ. ಯಾವ ಮಣಿ, ಎಷ್ಟು ಎಂಬುದನ್ನು ನಿರ್ಧರಿಸುವುದು ಪೋಣಿಸುವ ಕಿಣ್ವ. ಜೀನ್ ಬದಲಾವಣೆಯ ನಿಜವಾದ ಬೆಲೆ ನನ್ನ ಲೆಕ್ಕದಲ್ಲಿ ಇಲ್ಲಿದೆ. ಜಪಾನಿನ ಕನೆಕಾ ಕಂಪನಿ ಎಚ್16ರ ಪೋಣಿಸುವ ಕಿಣ್ವಕ್ಕೆ ಬದಲಾಗಿ ಏರೊಮೋನಾಸ್ ಕೇವಿಯೇ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಿಣ್ವವನ್ನು ಬಳಸಿತು. ಅದು ನಾಲ್ಕು ಇಂಗಾಲದ ಮಣಿಗಳ ನಡುವೆ ಆರು ಇಂಗಾಲದವನ್ನೂ ಪೋಣಿಸುತ್ತದೆ. ಸಿಗುವ ಪಿಎಚ್‌ಬಿಎಚ್ ಮೆತ್ತಗಿರುತ್ತದೆ, ಚೀಲ ಮಾಡಬಹುದು, ಸ್ಟ್ರಾ ಮಾಡಬಹುದು. ಟಕಸಾಗೊದಲ್ಲಿ 2019ರಲ್ಲಿ ವರ್ಷಕ್ಕೆ 5,000 ಟನ್ ಸಾಮರ್ಥ್ಯದ ಅವರ ಘಟಕ ಆರಂಭವಾಯಿತು. ಊಟ ಸಕ್ಕರೆಯಲ್ಲ, ಸಸ್ಯದ ಎಣ್ಣೆ. ಎಣ್ಣೆಯಿಂದ ಅಸಿಟೈಲ್ ಕೋಎ ಆಗುವಾಗ ಇಂಗಾಲ ಸಕ್ಕರೆಯಷ್ಟು ಹಾರಿಹೋಗುವುದಿಲ್ಲ; ಒಂದು ಕಿಲೋ ಎಣ್ಣೆಗೆ 700 ಗ್ರಾಮಿನ ಮೇಲೆಯೇ ಪ್ಲಾಸ್ಟಿಕ್ ಬರುತ್ತದೆ.

ಎರಡನೆಯ ಪ್ರಶ್ನೆಗೆ ಈಗ ಇತಿಹಾಸವೇ ಉತ್ತರ ಕೊಡುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ 1980ರ ದಶಕದಲ್ಲಿ ಜೀನ್ ಬದಲಿಸದ ತಳಿಯಿಂದಲೇ ಬಯೊಪೋಲ್ ಎಂಬ ಪ್ಲಾಸ್ಟಿಕ್ ಮಾಡಿತು. 1990ರಲ್ಲಿ ಜರ್ಮನಿಯಲ್ಲಿ ಅದರ ಶಾಂಪೂ ಬಾಟಲಿ ಅಂಗಡಿಗೂ ಬಂತು. ಬೆಲೆ ನಿಲ್ಲಲಿಲ್ಲ. ಬಯೊಪೋಲ್ ಐಸಿಐಯಿಂದ ಜೆನೆಕಾಕ್ಕೆ, 1996ರಲ್ಲಿ ಮಾನ್ಸಾಂಟೊಗೆ, 2001ರಲ್ಲಿ ಮೆಟಬಾಲಿಕ್ಸ್‌ಗೆ ಕೈ ಬದಲಾಯಿಸಿತು. ಮೆಟಬಾಲಿಕ್ಸ್ ಎಂದರೆ ನಾನು ಮೇಲೆ ಹೇಳಿದ ಪೀಪಲ್ಸ್ ಮತ್ತು ಸಿನ್ಸ್ಕಿ ಹುಟ್ಟುಹಾಕಿದ ಕಂಪನಿ. ಅವರು ಎಡಿಎಂ ಎಂಬ ಧಾನ್ಯದ ದೈತ್ಯನ ಜೊತೆ ಸೇರಿ ಅಯೋವಾದ ಕ್ಲಿಂಟನ್ ಊರಿನಲ್ಲಿ, ಮೆಕ್ಕೆಜೋಳದ ಸಕ್ಕರೆಯ ಕಾರ್ಖಾನೆಯ ಮಗ್ಗುಲಲ್ಲಿಯೇ, ವರ್ಷಕ್ಕೆ 50,000 ಟನ್ ಮಾಡಬಲ್ಲ ಘಟಕ ಕಟ್ಟಿದರು. ಜೀನ್ ಗೊತ್ತಿದ್ದವರೂ ಅವರೇ, ಸಕ್ಕರೆ ಇದ್ದದ್ದೂ ಗೋಡೆಯಾಚೆ, ಹಣಕ್ಕೂ ಕೊರತೆ ಇರಲಿಲ್ಲ. ಕೊಳ್ಳುವವರು ಸಾಕಷ್ಟು ಬರಲಿಲ್ಲ. 2012ರ ಜನವರಿಯಲ್ಲಿ ಎಡಿಎಂ ಕೈ ತೊಳೆದುಕೊಂಡಿತು. ಅಮೆರಿಕದ ಕೆಂಟಕಿಯಲ್ಲಿ ಕನೋಲ ಎಣ್ಣೆಯಿಂದ ಪಿಎಚ್‌ಎ ಮಾಡುತ್ತಿದ್ದ ಡ್ಯಾನಿಮರ್ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಮೆಟಬಾಲಿಕ್ಸ್‌ನ ತಂತ್ರಜ್ಞಾನವನ್ನು 2016ರಲ್ಲಿ ಕೊಂಡ ಕೊರಿಯದ ಸಿಜೆ ಕಂಪನಿ 2022ರಲ್ಲಿ ಇಂಡೊನೇಷ್ಯಾದ ಪಾಸುರುಆನ್‌ನಲ್ಲಿ 5,000 ಟನ್ನಿನ ಘಟಕ ತೆರೆಯಿತು. ಕ್ಲಿಂಟನ್ ಘಟಕದ ಹತ್ತನೆಯ ಒಂದು ಗಾತ್ರ. ಪಾಠ ಕಲಿತವರ ಗಾತ್ರ ಎಂದು ನನಗೆ ಅನಿಸುತ್ತದೆ.

ನಿಮ್ಮ ಕಸುಬಿಗೆ ಹತ್ತಿರವಾದ ಉದಾಹರಣೆ ಬೇಕೆಂದರೆ ಬ್ರೆಜಿಲ್ ನೋಡಿ. ಸಾವೊ ಪಾಲೊ ರಾಜ್ಯದ ಸೆರಾನಾದಲ್ಲಿ ಒಂದು ಸಕ್ಕರೆ ಕಾರ್ಖಾನೆಯೊಳಗೇ ಪಿಎಚ್‌ಬಿಯ ಪ್ರಾಯೋಗಿಕ ಘಟಕ ಇಟ್ಟರು. ಕಬ್ಬಿನ ಸಿಪ್ಪೆ ಉರಿಸಿದ ಉಗಿ, ಅದೇ ಉಗಿಯ ವಿದ್ಯುತ್ತು, ಅಲ್ಲಿಯದೇ ಸಕ್ಕರೆ, ಕಾರ್ಖಾನೆಯ ಹುದುಗಿನಲ್ಲಿಯೇ ಉಪಉತ್ಪನ್ನವಾಗಿ ಹುಟ್ಟುವ ಆಲ್ಕೋಹಾಲುಗಳೇ ಪ್ಲಾಸ್ಟಿಕ್ ಸೋಸಲು ದ್ರಾವಕ. ಮನೆಯ ಹಿತ್ತಲಿನ ಸೊಪ್ಪಿನಲ್ಲಿ ಅಡುಗೆ ಮುಗಿಸಿದ ಹಾಗೆ. ಇದಕ್ಕಿಂತ ಚೊಕ್ಕವಾದ ಏರ್ಪಾಡನ್ನು ನಾನು ಕಂಡಿಲ್ಲ. ಕಬ್ಬಿನ ಗದ್ದೆಯ ಮಣ್ಣಿನಿಂದಲೇ ಸುಕ್ರೋಸ್ ತಿನ್ನುವ ಬ್ಯಾಕ್ಟೀರಿಯಾವನ್ನೂ ಅವರು ಹುಡುಕಿ ತೆಗೆದರು. ಇಷ್ಟಿದ್ದೂ ಅದು ಬೃಹತ್ ಕಾರ್ಖಾನೆಯಾಗಿ ಬೆಳೆಯಲಿಲ್ಲ. ಒಂದು ಆಲೆಮನೆಯ ಗಾತ್ರದಲ್ಲಿ ಇದನ್ನು ಮಾಡುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಗೆದ್ದದ್ದು ಎಲ್ಲಿ? ಯಾರೂ ಎದುರು ನೋಡದ ಕಡೆ: ಆಸ್ಪತ್ರೆಯಲ್ಲಿ. ಪಿಎಚ್‌ಎ ಕುಟುಂಬದ ಪಿ4ಎಚ್‌ಬಿ ಎಂಬ ಸದಸ್ಯ ರಬ್ಬರಿನಂತೆ ಹಿಗ್ಗುತ್ತದೆ, ದೇಹದೊಳಗೆ ಒಂದು ಒಂದೂವರೆ ವರ್ಷದಲ್ಲಿ ಕರಗಿಹೋಗುತ್ತದೆ. ಜೀನ್ ಬದಲಿಸಿದ ಇ. ಕೋಲೈಯಿಂದ ಮಾಡಿದ ಇದರ ಹೊಲಿಗೆ ದಾರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಗಾಯ ಹೊಲಿಯುವ ದಾರವನ್ನು ಯಾರೂ ಕಿಲೋ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಅಲ್ಲಿ ಸಕ್ಕರೆಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ಗೆಲುವು ಇದೆ, ಅದು ಕಣ್ಣಿಗೆ ಕಾಣದಂಥದು. ನಮ್ಮ ಅಂಗಡಿಗಳಲ್ಲಿ ‘ನಾನು ಪ್ಲಾಸ್ಟಿಕ್ ಅಲ್ಲ’ ಎಂದು ಬರೆದ ಹಸಿರು ಚೀಲ ಸಿಗುತ್ತದಲ್ಲ, ಜನ ಅದನ್ನು ಜೋಳದ ಚೀಲ ಎನ್ನುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಬಿಎಟಿ ಎಂಬ ಪ್ಲಾಸ್ಟಿಕ್ಕು, ಜೊತೆಗೆ ಪಿಷ್ಟವೋ, ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕೋ. ಪಿಬಿಎಟಿ ಕೊಳೆಯುತ್ತದೆ, ಆದರೆ ಬಹುಪಾಲು ಪೆಟ್ರೋಲಿಯಂನಿಂದಲೇ ಬಂದದ್ದು. ಪ್ಲಾಸ್ಟಿಕ್ ಅಲ್ಲ ಎಂಬುದು ಶುದ್ಧ ಸುಳ್ಳು. ಇಟಲಿಯ ಆಡ್ರಿಯಾ ಬಳಿ 2016ರಲ್ಲಿ ಆರಂಭವಾದ ನೊವಾಮಾಂಟ್ ಕಂಪನಿಯ ಕಾರ್ಖಾನೆಯಲ್ಲಿ ಜೀನ್ ಬದಲಿಸಿದ ಇ. ಕೋಲೈ ಸಕ್ಕರೆಯಿಂದ ಬ್ಯುಟೇನ್‌ಡಯಾಲ್ ಎಂಬ ದ್ರವ ಮಾಡುತ್ತದೆ. ವರ್ಷಕ್ಕೆ 30,000 ಟನ್ ಸಾಮರ್ಥ್ಯ. ಅದು ಇಂಥ ಚೀಲಗಳ ಒಂದು ಕಚ್ಚಾವಸ್ತು. ಬ್ಯಾಕ್ಟೀರಿಯಾದಿಂದ ಇಟ್ಟಿಗೆ ಮಾತ್ರ ಮಾಡಿಸಿ, ಗೋಡೆಯನ್ನು ರಸಾಯನಶಾಸ್ತ್ರದಿಂದ ಕಟ್ಟುವ ದಾರಿ ಇದು. ಇಟ್ಟಿಗೆ ತಾನಾಗಿ ಕೋಶದಿಂದ ಹೊರಬರುವುದರಿಂದ ಕಡಲೆಕಾಯಿ ಸುಲಿಯುವ ಕಷ್ಟ ಇಲ್ಲ. ಪಿಎಲ್‌ಎಯದೂ ಇದೇ ಕ್ರಮ: ಹುದುಗಿಸಿ ಲ್ಯಾಕ್ಟಿಕ್ ಆಮ್ಲ, ಆಮೇಲೆ ಯಂತ್ರದಲ್ಲಿ ಪ್ಲಾಸ್ಟಿಕ್. ನಮ್ಮ ದೇಶದಲ್ಲಿ ಸಕ್ಕರೆ ಉದ್ಯಮ ಹಿಡಿದಿರುವುದೂ ಈ ದಾರಿಯನ್ನೇ. ಉತ್ತರ ಪ್ರದೇಶದ ಬಲರಾಂಪುರ ಚೀನಿ ಮಿಲ್ಸ್ ತನ್ನ ಕುಂಭಿ ಕಾರ್ಖಾನೆಯ ಬಳಿ ದೊಡ್ಡ ಪಿಎಲ್‌ಎ ಘಟಕಕ್ಕೆ ಕೈ ಹಾಕಿದೆ.

ಇವೆಲ್ಲ ‘ಕರಗುತ್ತವೆ’ ಎನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಪಿಎಲ್‌ಎ ಕರಗಲು ಸುಮಾರು 60 ಡಿಗ್ರಿ ಬಿಸಿಯ ದೊಡ್ಡ ಗೊಬ್ಬರದ ರಾಶಿ ಬೇಕು, ರಸ್ತೆ ಬದಿಯಲ್ಲಿ ಬಿದ್ದರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಪಿಎಚ್‌ಎ ಇದರಲ್ಲಿ ನಿಜವಾಗಿಯೂ ಬೇರೆ. ಅದು ಬ್ಯಾಕ್ಟೀರಿಯಾದ ಆಹಾರವೇ ಆದ್ದರಿಂದ ತಣ್ಣನೆಯ ಮಣ್ಣಿನಲ್ಲಿ, ಕೆರೆಯಲ್ಲಿ, ಸಮುದ್ರದಲ್ಲಿಯೂ ಅದನ್ನು ಕತ್ತರಿಸುವ ಕಿಣ್ವದವರು ಇರುತ್ತಾರೆ. ಆದರೂ ಬೆಲ್ಲದ ಹಾಗೆ ಕರಗುವುದಿಲ್ಲ. ದಪ್ಪದ ಮೇಲೆ, ತೇವದ ಮೇಲೆ ಹೋಗುತ್ತದೆ. ಪಿಎಚ್‌ಎಯ ನೀರಿನ ಬಾಟಲಿ ಸಮುದ್ರದಲ್ಲಿ ಪೂರ್ತಿ ಮುಗಿಯಲು ಒಂದೂವರೆಯಿಂದ ಮೂರೂವರೆ ವರ್ಷ ಬೇಕೆಂಬುದು ಒಂದು ಒಳ್ಳೆಯ ಅಂದಾಜು. ಮನೆಯ ಕಪಾಟಿನಲ್ಲಿ ಒಣಗಿದ್ದರೆ ಏನೂ ಆಗುವುದಿಲ್ಲ. ಗಾಳಿಯಾಡದ ಕಸದ ಗುಡ್ಡದ ತಳದಲ್ಲಿ ಕೊಳೆತರೆ ಮೀಥೇನ್ ಬರುತ್ತದೆ. ಹಾಗಾಗಿ ಕೈಚೀಲಕ್ಕೆ ಇದನ್ನು ಬಳಸುವುದು ನನಗೆ ಹಿಡಿಸದ ಮಾತು. ಕೈಚೀಲಕ್ಕೆ ಬಟ್ಟೆ ಇದೆ. ಮರಳಿ ಹೆಕ್ಕಲಾಗದ ಕಡೆ ಇದರ ಜಾಗ. ಕೋಲಾರದ ಟೊಮೆಟೊ ಹೊಲಗಳಲ್ಲಿ ಹಾಸುವ ಮಲ್ಚಿಂಗ್ ಶೀಟ್ ಬೆಳೆ ಮುಗಿಯುವ ಹೊತ್ತಿಗೆ ಚಿಂದಿಯಾಗಿ ಮಣ್ಣಿನಲ್ಲಿ ಬೆರೆಯುತ್ತದೆ, ಯಾರಿಗೂ ಪೂರ್ತಿ ಆಯಲು ಆಗುವುದಿಲ್ಲ. ಮೀನಿನ ಬಲೆಯ ಚೂರು, ಸಸಿಯ ಬೇರಿಗೆ ಕಟ್ಟಿದ ಚೀಲ, ಇಂಥವುಗಳಿಗೆ ಕಿಲೋಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಚರಂಡಿಯ ಭಯಕ್ಕೆ ಮತ್ತೆ ಬರುತ್ತೇನೆ, ಅದರಲ್ಲಿ ಒಂದು ತಿರುಳಿದೆ. ಪ್ರಯೋಗಾಲಯದ ಇ. ಕೋಲೈ ಕೆ-12 ತಳಿ 1922ರಿಂದ ಗಾಜಿನ ತಟ್ಟೆಯಲ್ಲಿ ಬೆಳೆದದ್ದು. ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವ ಶಕ್ತಿಯನ್ನೇ ಕಳೆದುಕೊಂಡಿದೆ. ಮೇಲೆ ಹೊಟ್ಟೆ ತುಂಬ ಪ್ಲಾಸ್ಟಿಕ್ ಹೊತ್ತ ಕೋಶ ಹೊರಗೆ ಸಹಜವಾಗಿ ಬದುಕುವ ಬ್ಯಾಕ್ಟೀರಿಯಾಗಳ ಎದುರು ಓಟದಲ್ಲಿ ಗೆಲ್ಲುವುದಿಲ್ಲ, ಮೂಟೆ ಹೊತ್ತವನು ಜಾತ್ರೆಯ ಓಟಕ್ಕೆ ನಿಂತ ಹಾಗೆ. ನಾನು ಹೆಚ್ಚು ಕೇಳುವ ಪ್ರಶ್ನೆ ಬೇರೆ: ಸೇರಿಸಿದ ಜೀನುಗಳು ಪ್ಲಾಸ್ಮಿಡ್ ಎಂಬ ಸಡಿಲ ಉಂಗುರದಲ್ಲಿವೆಯೇ, ಅದರ ಜೊತೆ ಪ್ರತಿಜೈವಿಕ ಔಷಧಕ್ಕೆ ಬಗ್ಗದ ಜೀನೂ ಇದೆಯೇ ಎಂಬುದು. ಪ್ರಯೋಗಾಲಯದಲ್ಲಿ ಹೀಗೆಯೇ ಮಾಡುತ್ತಾರೆ, ಏಕೆಂದರೆ ಸುಲಭ. ಆ ಉಂಗುರ ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಬಲ್ಲದು. ಕಾರ್ಖಾನೆಯ ತಳಿಯಲ್ಲಿ ಜೀನುಗಳನ್ನು ಮುಖ್ಯ ವರ್ಣತಂತುವಿನಲ್ಲಿಯೇ ಕೂರಿಸಿ, ಔಷಧದ ಜೀನನ್ನು ತೆಗೆದುಹಾಕಿರಬೇಕು, ತೊಟ್ಟಿಯಿಂದ ಹೊರಬರುವ ಎಲ್ಲವನ್ನೂ ಉಗಿಯಲ್ಲಿ ಕೊಂದಿರಬೇಕು. ನಮ್ಮಲ್ಲಿ ಜೀನ್ ಬದಲಿಸಿದ ಜೀವಿಗಳ ಕುರಿತ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ತಳಿಯನ್ನು ಬೆಳೆಸುವಂತಿಲ್ಲ. ಆಲೆಮನೆಯ ಹಿಂದಿನ ಶೆಡ್ಡಿನಲ್ಲಿ ಡ್ರಮ್ಮಿನೊಳಗೆ ಮಾಡುವುದಂತೂ ಸಾಧ್ಯವೇ ಇಲ್ಲ, ಮಗಳಿಗೆ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ.

ಹೇಳಿದ ಮೇಲೆ ಅವಳ ಉತ್ಸಾಹ ಕುಗ್ಗಿಸಬೇಡಿ. ಲೆಕ್ಕ ಬದಲಾಗುತ್ತಿರುವ ಒಂದು ಕಡೆ ನನಗೂ ಕುತೂಹಲ ಇದೆ. ಚೀನಾದ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಚೆನ್ ಗುವೊಚಿಯಾಂಗ್ ಅವರ ತಂಡ ಶಿಂಜಿಯಾಂಗಿನ ಆಯ್ಡಿಂಗ್ ಉಪ್ಪಿನ ಸರೋವರದಿಂದ ಹ್ಯಾಲೊಮೋನಾಸ್ ಎಂಬ ಬ್ಯಾಕ್ಟೀರಿಯಾವನ್ನು ತಂದಿತು. ಅದು ಸಮುದ್ರಕ್ಕಿಂತ ಉಪ್ಪಾದ, ಕ್ಷಾರವೂ ಆದ ದ್ರವದಲ್ಲಿ ಬೆಳೆಯುತ್ತದೆ. ಅಂಥ ನೀರಿನಲ್ಲಿ ಬೇರೆ ಕ್ರಿಮಿ ಬದುಕುವುದು ಕಷ್ಟ, ಉಪ್ಪಿನಕಾಯಿ ಕೆಡದಿರುವುದು ಇದೇ ತರ್ಕದಿಂದ. ಆದ್ದರಿಂದ ತೊಟ್ಟಿಯನ್ನು ಉಗಿಯಲ್ಲಿ ಬೇಯಿಸಬೇಕಾಗಿಲ್ಲ, ಬಾಯಿ ತೆರೆದಿದ್ದರೂ ನಡೆಯುತ್ತದೆ, ನಿಲ್ಲಿಸದೆ ವಾರಗಟ್ಟಲೆ ಓಡಿಸಬಹುದು. ಅದಕ್ಕೆ ಜೀನುಗಳನ್ನು ಸೇರಿಸಿ ಬೇಕಾದ ಮಣಿಗಳನ್ನು ಪೋಣಿಸುವಂತೆಯೂ ಮಾಡಿದ್ದಾರೆ. ನನ್ನ ಹತ್ತು ಸಾವಿರ ಲೀಟರ್ ನೆನೆದು ಇದನ್ನು ಓದುವಾಗ ಹೊಟ್ಟೆಕಿಚ್ಚಾಯಿತು.

ಮಗಳು ಮೈಸೂರಿಗೆ ಹೋಗುವುದಾದರೆ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಬ್ಯಾಸಿಲಸ್ ತಳಿಗಳಿಂದ, ಕೃಷಿ ತ್ಯಾಜ್ಯದಿಂದ ಪಿಎಚ್‌ಎ ತೆಗೆಯುವ ಕೆಲಸ ಬಹಳ ಹಿಂದೆಯೇ ನಡೆದಿದೆ, ಆ ಪ್ರಬಂಧಗಳನ್ನು ಓದಲಿ. ಎಂ.ಎಸ್ಸಿ.ಯ ಪ್ರಾಜೆಕ್ಟಿಗೆ ಜೀನ್ ಬದಲಿಸಲೇಬೇಕೆಂದಿಲ್ಲ. ನಿಮ್ಮ ಆಲೆಮನೆಯ ಒಲೆಯ ಬಳಿಯ, ಕಬ್ಬಿನ ಹಾಲು ಚೆಲ್ಲಿ ಚೆಲ್ಲಿ ಕಪ್ಪಾದ ಮಣ್ಣನ್ನು ಒಂದು ಚಮಚ ತೆಗೆದುಕೊಂಡು ಕಾಲೇಜಿಗೆ ಹೋಗಲಿ. ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ ಇರುವ ತಟ್ಟೆಯಲ್ಲಿ ನೈಲ್ ರೆಡ್ ಬಣ್ಣ ಬೆರೆಸಿ ಬೆಳೆಸಿ, ಕತ್ತಲಲ್ಲಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ಪ್ಲಾಸ್ಟಿಕ್ ಕೂಡಿಟ್ಟವು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಒಂದು ಕಿಲೋ ಕಾಕಂಬಿಗೆ ಎಷ್ಟು ಗ್ರಾಂ ಪ್ಲಾಸ್ಟಿಕ್ ಸಿಕ್ಕಿತೆಂಬುದನ್ನು ತೂಗಿ ಬರೆಯಲಿ. ಕೋಶದ ತೂಕವನ್ನಲ್ಲ, ಒಣಗಿಸಿದ ಪ್ಲಾಸ್ಟಿಕ್ಕಿನ ತೂಕವನ್ನು. ಸಿಕ್ಕಿದ ಹಾಳೆಯ ಒಂದು ತುಣುಕನ್ನೂ ಅಂಗಡಿಯ ಹಸಿರು ಚೀಲದ ಒಂದು ತುಣುಕನ್ನೂ ಬೇರೆ ಬೇರೆ ನೈಲಾನ್ ಬಲೆಯಲ್ಲಿ ಕಟ್ಟಿ ನಿಮ್ಮ ತಿಪ್ಪೆಯಲ್ಲಿ ಒಂದು ಮೊಳ ಆಳಕ್ಕೆ ಹೂಳಿ. ಜಾಗಕ್ಕೊಂದು ಗೂಟ ನೆಡಿ, ಇಲ್ಲದಿದ್ದರೆ ಮರೆತುಹೋಗುತ್ತದೆ. ಮೂರು ತಿಂಗಳ ಮೇಲೆ ಎರಡನ್ನೂ ತೆಗೆದು ತೂಗಿ, ಅಂಕಿಗಳನ್ನು ನನಗೆ ಬರೆಯಿರಿ.